ಎಡಗಾಲಿನ ಕಾಲುಚೀಲ

ಹಾಮಾರ್ ರೈಲು ನಿಲ್ದಾಣದಲ್ಲಿ ರಾಗ್ನಿಲ್ಡ್ ಅಜ್ಜಿಯ ಕಿವಿಯಿಂದ ತಪ್ಪಿಸಿಕೊಂಡ ಮಾತು ಇನ್ನೂ ಹುಟ್ಟಿಲ್ಲ. ಆ ಭಾನುವಾರ ಅವಳ ಪಕ್ಕದಲ್ಲಿ ಇಬ್ಬರು ಸಹೋದ್ಯೋಗಿಗಳು ಕೂತಿದ್ದರು. ಕಿರಿಯ ಸಿಂದ್ರೆಯ ಪೆಟ್ಟಿಗೆಯಲ್ಲಿ ಒಂದು ಸಂಸಾರ ಬಾಡಿಗೆಗೆ ಇರಬಹುದಿತ್ತು.

“ಎರಡು ದಿನಕ್ಕೆ ಮೂರು ಸೂಟು ಯಾಕೋ?”

“ಈ ಗುತ್ತಿಗೆ ಕೈತಪ್ಪಿದ್ರೆ ನನ್ನ ಕೆಲಸ ಹೋಗುತ್ತೆ, ಐವಿಂದ್. ಏಳು ಟೈ ಇಟ್ಕೊಂಡಿದೀನಿ.”

“ಇವತ್ತು ರಾತ್ರಿ ಗುತ್ತಿಗೆ ಕೊಡೋರ ಮನೇಲಿ ಊಟ. ಮತ್ತದೇ ಲೋಳೆ ಲೋಳೆ ಲೂಟೆಫಿಸ್ಕ್ ಮೀನು. ಹೋದ ವರ್ಷ ಅದು ತಟ್ಟೇಲಿ ನಡುಗ್ತಿತ್ತು, ನಾನು ಕುರ್ಚೀಲಿ ನಡುಗ್ತಿದ್ದೆ. ಅಂದಹಾಗೆ, ಬಾಗಿಲಲ್ಲೇ ಶೂ ಬಿಚ್ಚಬೇಕು. ಕಾಲುಚೀಲ ತಂದಿದೀಯಾ?”

“ಹಾಕ್ಕೊಂಡಿರೋದೇ. ಮೇಲಿಂದ ಕೆಳಕ್ಕೆ ತುಂಬ್ತಾ ಬಂದೆ, ಮಂಡಿ ಹತ್ರ ಪೆಟ್ಟಿಗೆ ಮುಗೀತು.”

“ತೋರಿಸು.”

ಎಡಗಾಲಿನ ಹೆಬ್ಬೆರಳು ಇಡೀ ನಾರ್ವೆಗೆ ಕಾಣುವಂತೆ ಹೊರಗಿತ್ತು.

“ಭಾನುವಾರ ಅಂಗಡೀನೂ ತೆಗೆದಿರಲ್ಲ. ನಿನ್ನ ಹತ್ರ ಇನ್ನೊಂದು ಜೊತೆ ಇಲ್ವಾ, ಐವಿಂದ್?”

“ನಾನು ತಂದಿರೋದು ಹಲ್ಲುಜ್ಜೋ ಬ್ರಶ್ಶು, ಒಂದು ಅಂಗಿ. ತಗೋ, ನನ್ನ ಎಡಗಾಲಿಂದು ಹಾಕ್ಕೋ.”

“ನೀನು?”

“ನಂಗೆ ಜ್ವರ ಅಂತ ಹೇಳು. ಹೋಟೆಲಲ್ಲಿ ಮಲಗಿರ್ತೀನಿ.”

“ನಿನ್ನ ಋಣ ಹೇಗೆ ತೀರಿಸ್ಲೋ, ಮಾರಾಯ.”

“ಚೆನ್ನಾಗಿ ಊಟ ಮಾಡು, ಸಾಕು.”

ರೈಲು ಬಂತು. ಜ್ವರದವನು ಸಿಳ್ಳೆ ಹಾಕುತ್ತ ಮೊದಲು ಹತ್ತಿದ. ಅವನ ಹೆಗಲಚೀಲದ ಜಿಪ್ಪು ಅರ್ಧ ತೆರೆದಿತ್ತು. ಅದರೊಳಗೆ ಹೊಚ್ಚ ಹೊಸ ಕಾಲುಚೀಲದ ಜೊತೆಯೊಂದು ಅಂಗಡಿಯ ಚೀಟಿಯ ಸಮೇತ ರಾಗ್ನಿಲ್ಡ್ ಅಜ್ಜಿಗೆ ಕಂಡಿತು.