ನಾಲ್ಕು ಸೆಲ್ಲಿನ ಹೊರಸು

ಆಡಕಿ ಊರಿನ ಮದುವೆ ಮುಗಿಸಿದ ಇಬ್ಬರು ಫೋಟೋಗ್ರಾಫರುಗಳು ಸೇಡಂ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲೇ ಕೂತರು. ಗಂಡಿನ ಕಡೆಯವನು ದೇವಿಂದ್ರ, ಹೆಣ್ಣಿನ ಕಡೆಯವಳು ಪೂನಮ್. ಅವಳ ಮಡಿಲಲ್ಲಿ ಟೇಪು ಸುತ್ತಿದ ಹಳೇ ಫ್ಲ್ಯಾಶು.

“ಅಕ್ಕಿಕಾಳು ಬೀಳೋ ಹೊತ್ತಿಗೇ ನನ್ನ ಫ್ಲ್ಯಾಶ್ ಒಂದ್ಸಲ ಮಿಂಚಿ ಮಕ್ಕೊಂತು,” ಎಂದ ದೇವಿಂದ್ರ.

“ನಂದು ಹನ್ನೆರಡು ಸಲ ಮಿಂಚ್ತು. ಮುಂಜಾನಿ ಇದಕ್ಕ ಗುಜರಿ ಅಂದಿದ್ದಿ.”

“ನಿನ್ನಂಗ ನನ್ನವೂ ಚಾರ್ಜ್ ಮಾಡೋ ಸೆಲ್ಲೇ ಅವ.”

“ನಾಕೂ ಒಂದೇ ಜೋಡಿನವೇನು?”

“ಮೂರು ಹೊಸಾವು. ಒಂದು ಮನಿ ಗಡಿಯಾರದಾಗಿನ ಹಳೇದು.”

“ಗಡಿಯಾರಕ್ಕ ಗುಟುಕು ಸಾಕು, ಫ್ಲ್ಯಾಶ್ ಕೊಡಾನೇ ಕೇಳ್ತದ. ಹೊರಸಿಗಿ ಒಂದು ಕಾಲು ಗಿಡ್ಡ ಇದ್ರ ಮಕ್ಕೊಂಡವ ಉಳ್ಳತಾನ.”

“ನೀ ಏನ್ ಮಾಡ್ತಿ?”

“ನಾಕೂ ಕೂಡೇ ತರ್ತೀನಿ, ಕೂಡೇ ಚಾರ್ಜಿಗಿ ಹಚ್ತೀನಿ. ಕೆಲಸ ಆದಮ್ಯಾಲ ಹೊರಗ ತಗದು ರಬ್ಬರ್ ಹಾಕಿ ಇಡ್ತೀನಿ. ಅಪ್ಪ ಟೀವಿ ರಿಮೋಟಿಗಿ ಒಂದು ಕೇಳಿದ್ರೂ ಕೊಡಂಗಿಲ್ಲ.”

ದೇವಿಂದ್ರ ತನ್ನ ಫ್ಲ್ಯಾಶಿನ ನಾಲ್ಕೂ ಸೆಲ್ಲು ಹೊರಗೆ ತೆಗೆದ.

“ಪೂನಮ್, ಗಂಡಿನವರು ಅಕ್ಕಿಕಾಳಿನ ಫೋಟೋ ಕೇಳಿದ್ರ ನಾ ಏನ್ ತೋರಿಸ್ಲಿ?”

“ನಂದೇ ತೋರಿಸು. ಕೆಳಗ ನನ್ನ ಹೆಸರು ದೊಡ್ಡದಾಗಿ ಹಾಕು.”

“ಹಾಕ್ತೀನವ್ವ.”

ಸೇಡಂ ಬಂತು. ದೇವಿಂದ್ರ ಎದ್ದು ಅವಳತ್ತ ಕೈಚಾಚಿದ.

“ಗುಜರಿ ಇಲ್ಲಿ ಕೊಡು, ನಾ ಹಿಡೀತೀನಿ.”

“ಹಿಡಿ. ಆದ್ರ ಗಡಿಯಾರದ ಅಂಗಡಿ ಮುಂದಿಂದ ಒಯ್ಯಬ್ಯಾಡ,” ಎನ್ನುತ್ತ ಪೂನಮ್ ಮುಂದೆ ಇಳಿದಳು.