ತೊಳೆದ ಮೂಲಂಗಿ

ಅಂಗನವಾಡಿ ಮಕ್ಕಳ ಸಾಂಬಾರಿಗೆಂದು ನಾಲ್ಕು ಕಟ್ಟು ಮೂಲಂಗಿ ಕೊಂಡು, ಟೀಚರ್ ದಾನೇಶ್ವರಿ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಳು. ಅದನ್ನು ಮಾರಿದ ನಿಂಗಶೆಟ್ಟಿಯೇ ಖಾಲಿ ಚೀಲ ಮಡಚಿಕೊಂಡು, ತನ್ನೂರಿನ ಪುಟ್ಟಮಾದುವಿನ ಜೊತೆ ಹಿಂದಿನ ಬೆಂಚಿಗೆ ಬಂದು ಕೂತ. ಬೇಡವೆಂದರೂ ಅವರ ಮಾತು ಅವಳ ಕಿವಿಗೆ ಬೀಳುತ್ತಿತ್ತು. ಮೊದಲು ಬಾಯಿ ತೆರೆದವನು ಪುಟ್ಟಮಾದು.

“ಕೆರೆ ಏರಿ ಮ್ಯಾಲೆ ನಡಿಯಕಾಯ್ತಿಲ್ಲ ಕಣಣ್ಣ. ಅಂಗೆ ಗಬ್ಬು ನಾರ್ತದೆ.”

“ಕೋಳಿ ಫಾರಂನೋರು ಸತ್ತ ಕೋಳಿಯೆಲ್ಲ ತಂದು ಸುರೀತಾವ್ರೆ ಕಣ್ಲಾ. ಥೂ! ಒಟ್ಟೆ ಊದ್ಕಂಡು ತೇಲ್ತಾವೆ.”

“ನಮ್ಮೆಮ್ಮೆ ನೀರ್ಗೆ ಮೂತಿ ಇಕ್ಕಿ, ಕುಡೀದೆ ವಾಪಸ್ ಬಂದ್ಬುಡ್ತು.”

“ನಮ್ಮೋಳು ಬಟ್ಟೆ ಒಗಿಯಕೂ ಅಲ್ಲಿಗೆ ಓಗಲ್ಲ ಅಂತಾಳೆ.”

“ಮತ್ತೆ ಇವತ್ತು ಮಾರಿದ್ ಮೂಲಂಗಿಯ ಎಲ್ಲಿ ತೊಳ್ದೆ ಅಣ್ಣ?”

“ಇನ್ನೆಲ್ಲಿ, ಕೆರೇಲೆ. ನಮ್ಮಪ್ಪನ ಕಾಲದಿಂದ್ಲೂ ಅಲ್ಲೇ ತಾನೆ ತೊಳಿಯಾದು? ಮಣ್ಣು ಮೆತ್ಗಂಡಿದ್ರೆ ಪೇಟೆಯೋರು ಮುಟ್ಟಾರ?”

“ಕೋಳಿ ತೇಲ್ತಿದ್ವಲ್ಲ?”

“ಕೋಲಲ್ಲಿ ಆಚೆಗೆ ತಳ್ಬುಟ್ಟು ತೊಳ್ದೆ.”

“ಮನೆಗೂ ಅದ್ನೇ ಮಡಿಕಂಡಾ?”

“ಥೂ ನಿನ್ನ! ನಮ್ಮನೇಲಿ ಉಣ್ಣೋರು ಮನ್ಸರು ಕಣ್ಲಾ. ಮನೇದ ಬೋರ್ ನೀರಲ್ಲಿ ತೊಳ್ದು ಬ್ಯಾರೆ ಮಡಗಿವ್ನಿ.”

ದಾನೇಶ್ವರಿ ಮಡಿಲಲ್ಲಿದ್ದ ಚೀಲವನ್ನು ನೆಲಕ್ಕಿಟ್ಟು, ಕಾಲಿನಿಂದ ದೂರ ತಳ್ಳಿ, ಸೆರಗಿಗೆ ಕೈ ಒರೆಸಿಕೊಂಡಳು.

ಅಷ್ಟರಲ್ಲಿ ಬಸ್ಸು ಬಂತು. ಇಬ್ಬರೂ ಎದ್ದರು. ಅವಳ ಗುರುತು ಹತ್ತಿ ನಿಂಗಶೆಟ್ಟಿ ಬಸ್ಸಿನ ಮೆಟ್ಟಿಲ ಮೇಲಿಂದಲೇ ತಿರುಗಿ ನಕ್ಕ.

“ಟೀಚರಮ್ಮ, ಮಕ್ಕಳಿಗೆ ಅಂದ್ರಲ್ಲ, ಅಂಗೇ ಎಚ್ಚಿ ಆಕಿ. ಚೆನ್ನಾಗಿ ತೊಳ್ದೇ ತಂದಿವ್ನಿ.”