ಅಣ್ಣನ ಕಾರು, ಅಪ್ಪನ ವಾಚು

ಈ ಸಭೆಯ ಅಧ್ಯಕ್ಷರೂ ನಮ್ಮೆಲ್ಲರಿಗಿಂತ ಹಿರಿಯ ರಿಪೇರಿಗಾರರೂ ಆದ ಯಜಮಾನರೇ, ಕಾರು ಕಂಪನಿಯಿಂದ ಬಂದಿರುವ ಮುಖ್ಯ ಅತಿಥಿ ಇಂಜಿನಿಯರ್ ಸಾಹೇಬರೇ, ಗಡಿಯಾರ ರಿಪೇರಿಗಾರರ ಸಂಘದ ಪದಾಧಿಕಾರಿಗಳೇ, ಊಟಕ್ಕೆ ಮೊದಲು ಇದೊಂದೇ ಭಾಷಣ ಬಾಕಿ ಎಂಬ ಭರವಸೆಯಿಂದ ಕುಳಿತಿರುವ ಸಭಿಕರೇ,

ನಿಮ್ಮ ಭರವಸೆಯನ್ನು ನಾನು ಕೆಡಿಸುವುದಿಲ್ಲ. ನನಗೂ ಅವಸರವಿದೆ. ಇಲ್ಲಿ ಬಂದು ಕುಳಿತಾಗಿನಿಂದ ನಾನು ಹಿಂದಿನ ಬಾಗಿಲ ಕಡೆ ನೋಡುತ್ತಲೇ ಇದ್ದೇನೆ. ಮುಂದಿನ ಸಾಲಿನವರು ಗಮನಿಸಿರಬಹುದು. ಭಾಷಣಕಾರನೇ ಓಡಿಹೋಗಲು ದಾರಿ ಹುಡುಕುತ್ತಿದ್ದಾನೆ ಎಂದು ದಯವಿಟ್ಟು ತಿಳಿಯಬೇಡಿ. ಒಬ್ಬರು ಬರಬೇಕು, ಅಷ್ಟೆ.

ಸಮಿತಿಯವರು ನನಗೆ ಕೊಟ್ಟ ವಿಷಯ: ಎಲೆಕ್ಟ್ರಿಕ್ ಕಾರಿನಲ್ಲಿ ಓಡಾಡಿದರೆ ಕೀ ಕೊಡುವ ವಾಚು ಕೆಡುತ್ತದೆಯೇ? ಇದನ್ನು ಕೇಳದ ಗಿರಾಕಿ ಈಗ ಯಾರಿದ್ದಾರೆ? ಹೊಸ ಕಾರು ಕೊಂಡವರು ಮೊದಲು ಶೋರೂಮಿಗೆ ಹೋಗುತ್ತಾರೆ, ಆಮೇಲೆ ನಮ್ಮ ಅಂಗಡಿಗೆ ಬರುತ್ತಾರೆ. ನಮ್ಮಲ್ಲಿ ಅರ್ಧ ಜನ "ಏನೂ ಆಗಲ್ಲ ಸಾರ್" ಎನ್ನುತ್ತೇವೆ. ಇನ್ನರ್ಧ ಜನ "ಬಿಚ್ಚಿಟ್ಟು ಹೋಗಿ ಸಾರ್" ಎನ್ನುತ್ತೇವೆ. ನಾನು ಎರಡನೆಯ ಗುಂಪಿನ ಮುಖಂಡನಾಗಿದ್ದೆ. ಕಾರಿನಿಂದ ವಾಚಿಗೆ ಏನೂ ಆಗುವುದಿಲ್ಲ ಎಂದು ಇಂಜಿನಿಯರ್ ಸಾಹೇಬರು ಈಗ ತಾನೇ ಹೇಳಿದ್ದನ್ನು ಹೋದ ವರ್ಷ ಹೇಳಿದ್ದರೆ ನಾನು ಎದ್ದು ನಿಂತು ಜಗಳಕ್ಕೆ ಬರುತ್ತಿದ್ದೆ. ನನ್ನ ಬಳಿ ಸಾಕ್ಷಿ ಇತ್ತು. ನಮ್ಮಪ್ಪನ ವಾಚು.

ನಮ್ಮ ಮಕ್ಕಳೂ ಸೊಸೆಯಂದಿರೂ ಇಲ್ಲಿದ್ದಾರೆ, ಅವರಿಗಾಗಿ ಒಂದು ಮಾತು. ವಾಚಿನ ಒಳಗೆ ಕೂದಲಿನಷ್ಟು ತೆಳುವಾದ, ಸುರುಳಿ ಸುತ್ತಿದ ಒಂದು ಸ್ಪ್ರಿಂಗ್ ಇದೆ. ಅದು ಬಿಚ್ಚಿಕೊಂಡು ಮುಚ್ಚಿಕೊಂಡು ಉಸಿರಾಡಿದಂತೆ ಆಡಿದರೆ ಮುಳ್ಳು ಸರಿಯಾಗಿ ಓಡುತ್ತದೆ. ಆಯಸ್ಕಾಂತ ಸೋಂಕಿದರೆ ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಉಸಿರು ಗಿಡ್ಡವಾಗುತ್ತದೆ, ವಾಚು ಮುಂದೆ ಓಡುತ್ತದೆ. ಮ್ಯಾಗ್ನೆಟ್ ಹಿಡಿದಿದೆ ಎಂದು ನಾವು ಹೇಳುವುದು ಇದಕ್ಕೇ.

ಅಪ್ಪ ಹೋದ ಮೇಲೆ ವಾಚು ಅಣ್ಣನ ಕೈಗೆ ಬಂತು. ಹಿರಿಯ ಮಗ, ಹಾಕಿಕೊಂಡ. ಕಿರಿಯವನು ನಾನು, ಅದಕ್ಕೆ ಎಣ್ಣೆ ಹಾಕಿದೆ. ಅಣ್ಣ ಟ್ಯಾಕ್ಸಿ ಓಡಿಸುವವನು. ಹಳೆಯ ಕಾರು ಇರುವವರೆಗೆ ವಾಚು ಒಂದು ದಿನವೂ ತಕರಾರು ಮಾಡಲಿಲ್ಲ. ಎಲೆಕ್ಟ್ರಿಕ್ ಕಾರು ಬಂತು, ವಾಚು ಮುಂದೆ ಓಡತೊಡಗಿತು. ಮ್ಯಾಗ್ನೆಟ್ ತೆಗೆದು ಕೊಟ್ಟೆ. ಮತ್ತೆ ಹಿಡಿಯಿತು. ಮತ್ತೆ ತೆಗೆದೆ, ಮತ್ತೆ ಹಿಡಿಯಿತು. "ಅಣ್ಣಾ, ಇದು ನಿನ್ನ ಕಾರಿನ ಕೆಲಸ" ಎಂದೆ. ಅವನು ಏನೆಂದ ಗೊತ್ತೇ? "ಕಾರು ಹೊಸದು ಕಣೋ, ಅದಕ್ಕೇನಾಗಿದೆ? ಹಳೇದಾಗಿರೋದು ನಿನ್ನ ಕಣ್ಣು."

ರಿಪೇರಿಗಾರನಿಗೆ ಆಡುವ ಮಾತೇ ಇದು? ನಾವು ಮಾತು ಬಿಟ್ಟೆವು. ಅವನು ವಾಚನ್ನು ಬೇರೆ ಅಂಗಡಿಗೆ ಕೊಟ್ಟ. ಯಾವ ಅಂಗಡಿ? ಅಧ್ಯಕ್ಷರೇ, ನೀವು ನಗುತ್ತಿದ್ದೀರಿ, ನಿಮ್ಮದೇ ಅಂಗಡಿ. ನೀವು ಮಾಡಿಕೊಟ್ಟ ಮೇಲೂ ಅದು ಮುಂದೆ ಓಡಿತು ಎಂದು ಕೇಳಿದ ದಿನ, ಹಿರಿಯರು ಕ್ಷಮಿಸಬೇಕು, ನಾನು ಎರಡು ತುತ್ತು ಹೆಚ್ಚು ಉಂಡೆ.

ನೋಡಿ, ಬಾಗಿಲ ಸದ್ದಾಯಿತು. ಅಲ್ಲ, ನೀರಿನ ಕ್ಯಾನು ತಂದವರು. ಇರಲಿ.

ಎಲ್ಲಿದ್ದೆ? ಹಾಂ, ಆಮೇಲೆ ನಾನು ಮಾಡಿದ ಪರೀಕ್ಷೆ. ಕಾರನ್ನು ಅಪರಾಧಿ ಎಂದು ಸಾಬೀತು ಮಾಡಲೇಬೇಕು ಎಂದು ನಾನು ಒಂದು ದಿಕ್ಸೂಚಿ, ನಾಲ್ಕಾರು ಹಳೆಯ ವಾಚು ಹಿಡಿದು, ಮಾತಿಲ್ಲದಿದ್ದರೂ ಅಣ್ಣನ ಮನೆಗೆ ಹೋದೆ. ಸೀಟಿನ ಕೆಳಗೆ ಇಟ್ಟೆ, ಕಾಲಿಡುವ ಜಾಗದಲ್ಲಿ ಇಟ್ಟೆ, ಚಾರ್ಜಿಗೆ ಹಾಕಿದಾಗ ಇಟ್ಟೆ, ಓಡುವಾಗಲೂ ಇಟ್ಟೆ. ಅತ್ತಿಗೆ ಕಿಟಕಿಯಿಂದ ನೋಡಿ, "ಏನಪ್ಪಾ ಮೈದುನಾ, ಕಾರಿಗೆ ಜ್ವರ ಬಂದಿದೆಯಾ?" ಎಂದರು. ಜ್ವರ ಇರಲಿಲ್ಲ. ಕಾರಿನ ಕಬ್ಬಿಣಕ್ಕೆ ದಿಕ್ಸೂಚಿಯ ಮುಳ್ಳು ಸ್ವಲ್ಪ ಓಲಾಡಿತು, ನಿಜ. ಪಕ್ಕದ ಮನೆಯ ಪೆಟ್ರೋಲ್ ಕಾರಿನಲ್ಲೂ ಅಷ್ಟೇ ಓಲಾಡಿತು. ಮೋಟಾರು, ತಂತಿ ಎಲ್ಲ ಪೆಟ್ಟಿಗೆಯೊಳಗೆ ಮುಚ್ಚಿಕೊಂಡಿವೆ. ಕೂತವರ ಮಣಿಕಟ್ಟಿನ ತನಕ ಬರುವಷ್ಟರಲ್ಲಿ ಅವುಗಳ ಸೆಳೆತ ಸುಸ್ತಾಗಿರುತ್ತದೆ. ಒಂದು ವಾಚೂ ಕೆಡಲಿಲ್ಲ. ಸೋತೆ.

ಆದರೆ ದಿಕ್ಸೂಚಿಯನ್ನು ಜೇಬಿಗೆ ಹಾಕಿಕೊಳ್ಳುವಾಗ ಅದರ ಮುಳ್ಳು ಗಿರ್ರನೆ ತಿರುಗಿತು. ಸ್ಟೇರಿಂಗಿನ ಪಕ್ಕದಲ್ಲಿ ಫೋನು ಅಂಟಿಸುವ ಗುಂಡನೆಯ ಆಯಸ್ಕಾಂತ! ಹೊಸ ಕಾರಿನ ಜೊತೆಗೇ ಅಣ್ಣ ಹಾಕಿಸಿದ್ದು. ಆದರೆ ಅದು ಹಿಡಿಯಬೇಕಾದರೆ ವಾಚು ಅದರ ಮೈಗೆ ತಾಗಬೇಕು. ಕೈಯಲ್ಲಿರುವ ವಾಚು ಅಲ್ಲಿಗೆ ಯಾಕೆ ಹೋಗುತ್ತದೆ?

ಅಣ್ಣನನ್ನೇ ಕೇಳಿದೆ. ಅವನು ಕಾರಿನ ಗಾಜು ಒರೆಸಲು ಶುರುಮಾಡಿದ. ಒರೆಸಿದ ಗಾಜನ್ನೇ ಮತ್ತೆ ಒರೆಸಿದ. ಕೊನೆಗೆ, "ಅಮ್ಮನ್ನ ನೋಡೋಕೆ ಹೋದಾಗ ಬಿಚ್ಚಿ ಅಲ್ಲಿ ಅಂಟಿಸ್ತೀನಿ. ಸ್ಟೀಲ್ ಚೈನು, ಗಟ್ಟಿಯಾಗಿ ಕೂರುತ್ತೆ. ಕೆಳಗೆ ಬೀಳಲ್ಲ" ಎಂದ.

ನಮ್ಮಮ್ಮ ಆರೈಕೆ ಕೇಂದ್ರದಲ್ಲಿದ್ದಾರೆ. ನೆನಪು ಅಲ್ಲಲ್ಲಿ ಕಿತ್ತುಹೋಗಿದೆ. ಅಣ್ಣ ಬಾಡಿಗೆಗಳ ನಡುವೆ ಹೋಗಿಬರುತ್ತಾನೆ, ನಾನು ಅಂಗಡಿಗೆ ರಜಾ ಇರುವ ದಿನ ಹೋಗುತ್ತೇನೆ. "ಯಾಕೆ ಬಿಚ್ತೀಯ?" ಎಂದೆ.

"ಮೊದಲು ಹಾಕ್ಕೊಂಡೇ ಹೋಗ್ತಿದ್ದೆ ಕಣೋ. ಇತ್ತೀಚೆಗೆ ಅದನ್ನ ನೋಡಿದ ಕೂಡ್ಲೇ, 'ಅವರ ವಾಚು ನಿನ್ನ ಕೈಗೆ ಹೇಗೆ ಬಂತು? ವಾಚಿಲ್ದೆ ಕೆಲಸಕ್ಕೆ ಹೋಗಿದಾರಾ?' ಅಂತಾಳೆ. ಅಪ್ಪ ಇಲ್ಲಮ್ಮಾ ಅಂದ್ರೆ, ಈಗ ತಾನೇ ಹೋದ ಹಾಗೆ ಅಳ್ತಾಳೆ. ಮುಂದಿನ ಸಲ ಮತ್ತೆ ಅದೇ ಪ್ರಶ್ನೆ. ನಾನು ಇನ್ನೆಷ್ಟು ಸಲ ಅಪ್ಪನ್ನ ಸಾಯಿಸ್ಲಿ, ಹೇಳು?"

ಕ್ಷಮಿಸಿ. ಈ ಮೈಕು ಸ್ವಲ್ಪ ಕೆಳಗಿದೆ.

ಸಭಿಕರೇ, ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ವಾಚನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೋ ಎಂದರೆ ಸಾಕಿತ್ತು. ನಾನು ಅಷ್ಟು ಹೇಳಿ ಬಂದೆ ಕೂಡ. ಆದರೆ ಆಮೇಲೆ ಅಮ್ಮನನ್ನು ನೋಡಲು ಬೆಳಿಗ್ಗೆಯೇ ಹೋದ ದಿನ ಅಲ್ಲಿಯ ನರ್ಸಮ್ಮ ಒಂದು ಮಾತು ಹೇಳಿದರು. "ನಿಮ್ಮ ತಾಯಿ ಎದ್ದ ತಕ್ಷಣ ಹೀಗೆ ಬೆರಳು ತಿಕ್ಕುತ್ತಾರೆ. ಚಳಿಯೇನೋ ಅಂತ ಕೈಗವಸು ಹಾಕಿದ್ವಿ, ಕಿತ್ತು ಬಿಸಾಕಿದ್ರು."

ನಾನು ನೋಡಿದೆ. ಹೆಬ್ಬೆರಳು, ತೋರುಬೆರಳು. ಮುಂದಕ್ಕೆ, ಹಿಂದಕ್ಕೆ, ಮುಂದಕ್ಕೆ, ಹಿಂದಕ್ಕೆ. ಆಮೇಲೆ ನಿಲ್ಲಿಸಿ, ಕೈಯನ್ನು ಕಿವಿಯ ಹತ್ತಿರ ತಂದು ಕೇಳಿಸಿಕೊಳ್ಳುವುದು. ಇಲ್ಲಿ ಕುಳಿತಿರುವ ಯಾರಿಗಾದರೂ ಇದು ಏನು ಎಂದು ವಿವರಿಸಬೇಕೇ? ನೀವೆಲ್ಲ ದಿನವೂ ಮಾಡುವ ಕೆಲಸವೇ ಅಲ್ಲವೇ?

ಅಪ್ಪ ಲೇತ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವರು. ಬಲಗೈ ಬೆರಳುಗಳಿಗೆ ಸ್ಪರ್ಶವೇ ಇರಲಿಲ್ಲ, ವಾಚಿನ ಕೀ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಅಮ್ಮನೇ ಕೀ ಕೊಟ್ಟು, ಕಿವಿಗಿಟ್ಟು ಕೇಳಿ, ಅವರ ಕೈಗೆ ಏರಿಸುತ್ತಿದ್ದರು. ಅಪ್ಪ ಬಾಗಿಲಲ್ಲಿ ನಿಂತು "ಬೇಗ, ಬೇಗ" ಎನ್ನುತ್ತಿದ್ದರು. ಅಮ್ಮ "ನಾನು ಕೀ ಕೊಟ್ರೇನೇ ನಿಮ್ಮ ಕಾರ್ಖಾನೆ ಓಡೋದು, ನಿಲ್ಲಿ" ಎನ್ನುತ್ತಿದ್ದರು.

ಅಣ್ಣನ ಬಳಿಗೆ ಓಡಿದೆ. "ಇನ್ನು ವಾಚನ್ನ ಕೈಗೂ ಹಾಕ್ಕೋಬೇಡ, ಕಾರಲ್ಲೂ ಬಿಡ್ಬೇಡ. ಕೀ ಕೊಡದೆ ನಿಲ್ಲಿಸಿ, ಅವಳ ಅಂಗೈಗೆ ಕೊಡು, ಅವಳೇ ಕೀ ಕೊಡ್ಲಿ" ಎಂದೆ. ಅವನು, "ಮತ್ತೆ ಅತ್ರೆ? ನೀನು ಅಂಗಡೀಲಿ ಕೂತಿರ್ತೀಯ, ನೋಡೋನು ನಾನು" ಎಂದ. ಅದೂ ನಿಜವೇ. ಬಹಳ ದಿನ ಒಪ್ಪಲಿಲ್ಲ. ಇವತ್ತು ಬೆಳಿಗ್ಗೆ ತಾನಾಗಿಯೇ ಅಂಗಡಿಗೆ ಬಂದು, ನಿಂತ ವಾಚನ್ನು ಕೈಯಲ್ಲಿ ಹಿಡಿದುಕೊಂಡು, "ಹೋಗ್ತಿದೀನಿ, ಬರ್ತೀಯಾ?" ಎಂದ. ನಾನು, "ಸಂಘದಲ್ಲಿ ಭಾಷಣ ಇದೆ" ಎಂದೆ. "ಹೌದಪ್ಪಾ, ವಾಚಿನ ಬಗ್ಗೆ ಭಾಷಣ ಮಾಡು. ನಾನು ವಾಚು ತಗೊಂಡು ಹೋಗ್ತೀನಿ" ಎಂದು ಕಾರು ಹತ್ತಿದ. ಆ ಕಾರು ಹೊರಟಿದ್ದೇ ಕೇಳಿಸುವುದಿಲ್ಲ. ತಿರುಗಿ ನೋಡಿದರೆ ಇರಲಿಲ್ಲ.

ಅವನು ಹೊರಡುವ ಮುಂಚೆ ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡಿದ್ದೆವು. ಅಮ್ಮ ಅಪ್ಪನನ್ನು ಕೇಳಿ ಅತ್ತರೆ ಅಣ್ಣ ವಾಚನ್ನು ಕೈಗೆ ಹಾಕಿಕೊಂಡು ನೇರ ಈ ಸಭೆಗೆ ಬರಬೇಕು. ನಾನು ಇನ್ನು ಆ ಸುದ್ದಿ ಎತ್ತುವುದಿಲ್ಲ. ಅಳದೆ ಕೀ ಕೊಟ್ಟರೆ ವಾಚು ಅವಳ ಹತ್ತಿರವೇ ಇರಲಿ.

ಹಾಗಾಗಿ, ಸಮಿತಿಯ ಪ್ರಶ್ನೆಗೆ ನನ್ನ ಉತ್ತರ: ಕಾರಿನ ತಪ್ಪಿಲ್ಲ. ಕಾರಿನಲ್ಲಿ ಅಂಟಿಸಿಕೊಂಡ ಆಯಸ್ಕಾಂತದಿಂದ ವಾಚನ್ನು ದೂರವಿಡಿ ಎಂದು ಗಿರಾಕಿಗಳಿಗೆ ಹೇಳಿ. ಜೊತೆಗೆ, ವಾಚನ್ನು ಎಲ್ಲಿ ಬಿಚ್ಚಿಡುತ್ತೀರಿ ಎಂದೂ ಕೇಳಿ. ಯಾಕೆ ಬಿಚ್ಚುತ್ತೀರಿ ಎಂದು ಕೇಳುವ ಧೈರ್ಯವಿದ್ದರೆ ಅದನ್ನೂ...

ಬಂದ. ಹಿಂದಿನ ಬಾಗಿಲಲ್ಲಿ, ನೀಲಿ ಅಂಗಿ, ಅವನೇ ನಮ್ಮಣ್ಣ. ದಯವಿಟ್ಟು ಆ ಕಂಬದ ಹತ್ತಿರ ನಿಂತಿರುವವರು ಸ್ವಲ್ಪ ಸರಿಯಿರಿ. ಅಣ್ಣಾ, ಕೈ ಎತ್ತು. ಆ ಕೈಯಲ್ಲ, ಎಡಗೈ!

ಬರಿಗೈ. ಸಭಿಕರೇ, ನೋಡಿ, ಬರಿಗೈ! ಇನ್ನೊಂದು ಕೈಯನ್ನು ಕಿವಿಗಿಟ್ಟು ತೋರಿಸುತ್ತಿದ್ದಾನೆ. ಅಮ್ಮ ಕೀ ಕೊಟ್ಟು ಕೇಳಿಸಿಕೊಂಡಳಂತೆ.

ನನ್ನ ಹಾಳೆಯಲ್ಲಿ ಇನ್ನೂ ಅರ್ಧ ಪುಟ ಉಳಿದಿದೆ, ಅದನ್ನು ಅಧ್ಯಕ್ಷರ ಕೈಗೆ ಕೊಡುತ್ತೇನೆ. ನನ್ನ ಊಟ ಯಾರಾದರೂ ಉಣ್ಣಿ. ನಾನು ಅದೇ ಕಾರಿನಲ್ಲಿ ಅಮ್ಮನ ಹತ್ತಿರ ಹೊರಟಿದ್ದೇನೆ, ಕೈಯಲ್ಲಿ ನನ್ನ ವಾಚು ಕಟ್ಟಿಕೊಂಡೇ. ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ನನ್ನ ಧನ್ಯವಾದಗಳು. ನಮಸ್ಕಾರ.